ನಿಂತ ವ್ಯಾನಿನ ನೀರು

(ದಕ್ಷಿಣ ಜರ್ಮನಿಯ ಒಂದು ಸಣ್ಣ ಊರು, ಏಪ್ರಿಲ್ ತಿಂಗಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಚಿಕ್ಕಪ್ಪ ಅಣ್ಣನ ಮಗಳ ಮನೆಗೆ ಬಂದಿದ್ದಾರೆ. ಆಕೆಯ ಬಳಿ 1987ರ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ ವ್ಯಾನ್ ಇದೆ. ಒಳಗೆ ಮಲಗುವ ಜಾಗ, ಒಲೆ, ಸಣ್ಣ ಸಿಂಕು, ಹಿಂದೆ 2.1 ಲೀಟರ್ ಪೆಟ್ರೋಲ್ ಎಂಜಿನ್.)

ಚಿಕ್ಕಪ್ಪ: ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ! ಇದ್ಯಾವ ಲೆಕ್ಕ ಕಣೇ? ನಮ್ಮ ಬಸ್ಸುಗಳಲ್ಲಿ ಎಂಜಿನ್ ಎದುರಿಗೇ ರೇಡಿಯೇಟರ್ ಇರ್ತಿತ್ತು. ಮೇಲೊಂದು ಹೋಸು, ಕೆಳಗೊಂದು ಹೋಸು, ಮುಗೀತು.

ಮಗಳು: ಇದರ ವಂಶವೇ ಹಾಗೆ ಚಿಕ್ಕಪ್ಪ. 1950ರಲ್ಲಿ ಈ ಬಗೆಯ ಮೊದಲ ವ್ಯಾನ್ ಬಂದಾಗ ಅದರ ಎಂಜಿನ್ನಿಗೆ ನೀರೇ ಇರಲಿಲ್ಲ. ಫ್ಯಾನ್ ಗಾಳಿ ಊದಿ ತಣಿಸೋದು. 1979ರಲ್ಲಿ ಟಿ3 ಬಂದಾಗಲೂ ಹಿಂದುಗಡೆ ಗಾಳಿಯ ಎಂಜಿನ್ನೇ.

ಚಿಕ್ಕಪ್ಪ: ನಾನು ಹುಡುಗನಾಗಿದ್ದಾಗ ಹಂಪಿ ಕಡೆ ಇಂಥ ವ್ಯಾನು ನೋಡಿದೀನಿ. ಉದ್ದ ಕೂದಲಿನ ಬಿಳಿಯರು, ಮೇಲೆ ಗಂಟುಮೂಟೆ.

ಮಗಳು: ಅವು ಟರ್ಕಿ, ಇರಾನ್, ಆಫ್ಘಾನಿಸ್ತಾನ ದಾಟಿ ಬರ್ತಿದ್ದ ಹಳೇ ಮಾದರಿಗಳು. ಮರುಭೂಮಿಯಲ್ಲೂ ಅವಕ್ಕೆ ನೀರಿನ ಚಿಂತೆ ಇರಲಿಲ್ಲ. ಆಮೇಲೆ ಹೊಗೆಯ ನಿಯಮ ಬಿಗಿಯಾಯ್ತು, ಎಂಜಿನ್ ಶಬ್ದದ ಬಗ್ಗೆಯೂ ಜನ ಗೊಣಗಿದರು. ಗಾಳಿಯ ಎಂಜಿನ್ನಿನ ಕಾವನ್ನ ಒಂದೇ ಮಟ್ಟದಲ್ಲಿ ಹಿಡಿದಿಡೋದು ಕಷ್ಟ. ಚಳಿಗಾಲದಲ್ಲಿ ಒಳಗೆ ಕೂತವರಿಗೆ ಬಿಸಿಗಾಳಿಯೂ ಸಾಲ್ತಿರಲಿಲ್ಲ. 1982ರಲ್ಲಿ ಅದೇ ಜಾಗಕ್ಕೆ ನೀರಿನ ಎಂಜಿನ್ ಕೂರಿಸಿದರು. ಇಲ್ಲಿ ಅದನ್ನ ವಾಸರ್‌ಬಾಕ್ಸರ್ ಅಂತಾರೆ. ಮೊದಲು 1.9 ಲೀಟರಿನದು, ಆಮೇಲೆ ಇದು, 2.1. ಎಂಜಿನ್ ಹಿಂದೆಯೇ ಉಳೀತು, ರೇಡಿಯೇಟರಿಗೆ ಎದುರುಗಾಳಿ ಬೇಕಲ್ಲ, ಅದು ಮುಂದೆ ಹೋಯ್ತು. ದೀಪಗಳ ಕೆಳಗೆ ಇನ್ನೊಂದು ಜಾಲರಿ ಕಾಣ್ತಿದೆಯಲ್ಲ, ಅದರ ಹಿಂದಿದೆ.

ಚಿಕ್ಕಪ್ಪ: ಅಂದ್ರೆ ನೀರು ವ್ಯಾನಿನ ಉದ್ದಕ್ಕೂ ಹೋಗಿ ಬರಬೇಕು.

ಮಗಳು: ನೆಲದಡಿ ಎರಡು ಉದ್ದದ ಪೈಪು. ಜೊತೆಗೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರಿಗೊಂದು ಕವಲು, ಹಿಂದಿನ ಸೀಟಿನ ಕೆಳಗಿರೋ ಹೀಟರಿಗೆ ಇನ್ನೊಂದು. ಎಲ್ಲ ಸೇರಿ ಸುಮಾರು 17 ಲೀಟರ್ ಹಿಡಿಯುತ್ತೆ.

ಚಿಕ್ಕಪ್ಪ: 17 ಲೀಟರ್! ಲಾರಿ ಲೆಕ್ಕ ಆಯ್ತಲ್ಲೇ. ನೀರು ಜಾಸ್ತಿ ಇದ್ರೆ ಒಳ್ಳೇದೇ, ಕಾವು ನಿಧಾನ ಏರುತ್ತೆ. ಆದ್ರೆ ಇಷ್ಟು ಉದ್ದದ ಪೈಪಿನಲ್ಲಿ ಗಾಳಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತೋ!

ಮಗಳು: ಈ ವ್ಯಾನಿನವರ ಅರ್ಧ ತಲೆನೋವು ಅದೇ. ಊರಿನ ಮನೇಲಿ ಮೇಲಿನ ಟ್ಯಾಂಕು ಖಾಲಿಯಾಗಿ ಮತ್ತೆ ತುಂಬಿದಾಗ ನಲ್ಲಿ ಬುಸ್ ಬುಸ್ ಅಂದು ನಿಂತುಬಿಡುತ್ತಲ್ಲ, ಹಾಗೇ. ರೇಡಿಯೇಟರಿನ ಮೇಲ್ತುದಿಯಲ್ಲಿ ಗಾಳಿ ಕೂತ್ರೆ ಎಂಜಿನ್ ಬೇಯ್ತಾ ಇರುತ್ತೆ, ರೇಡಿಯೇಟರ್ ಮುಟ್ಟಿದ್ರೆ ತಣ್ಣಗಿರುತ್ತೆ.

ಚಿಕ್ಕಪ್ಪ: ಗಾಳಿ ಹೇಗೆ ತೆಗೀತೀಯ?

ಮಗಳು: ಮುಂಭಾಗ ಎತ್ತಬೇಕು. ಎರಡೂ ಹೀಟರಿನ ವಾಲ್ವ್ ಪೂರ್ತಿ ತೆರೆದಿಡಬೇಕು, ಇಲ್ಲದಿದ್ರೆ ಆ ಕವಲುಗಳಲ್ಲಿ ಗಾಳಿ ಉಳಿದುಬಿಡುತ್ತೆ. ಎಂಜಿನ್ ಪಕ್ಕದ ಟ್ಯಾಂಕಿನ ಮೂಲಕ ತುಂಬಿಸಿ, ಎಂಜಿನ್ ಚಾಲೂ ಮಾಡಿ, ನಿಮಿಷಕ್ಕೆ 2000 ಸುತ್ತಿನ ಹತ್ತಿರ ಹಿಡೀಬೇಕು. ಒಬ್ಬರು ಹಿಂದೆ ಸುರೀತಾ ಇರಬೇಕು. ಇನ್ನೊಬ್ಬರು ಮುಂದೆ ಮೇಲಿನ ಜಾಲರಿ ತೆಗೆದು ರೇಡಿಯೇಟರಿನ ನೆತ್ತಿಯ ಸ್ಕ್ರೂ ಸಡಿಲಿಸಿ ಕಾಯಬೇಕು. ಮೊದಲು ಬರೀ ಗಾಳಿ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಆಗ ಸ್ಕ್ರೂ ಬಿಗಿ ಮಾಡೋದು.

ಚಿಕ್ಕಪ್ಪ: ಮುಂಭಾಗ ಯಾಕೆ ಎತ್ತೋದು ಅಂತ ಈಗ ಹೊಳೀತು. ಗಾಳಿಗೆ ಮೇಲೇರೋದೊಂದೇ ಗೊತ್ತು. ತೂತು ಎಲ್ಲಿದೆಯೋ ಅದನ್ನೇ ಎಲ್ಲಕ್ಕಿಂತ ಎತ್ತರ ಮಾಡಿಕೊಂಡ್ರೆ ತಾನಾಗೇ ಅಲ್ಲಿಗೆ ಬರುತ್ತೆ. ಜ್ಯಾಕ್ ಇಲ್ಲದಿದ್ರೆ ದಿಬ್ಬದ ಮೇಲೆ ಮೂಗು ಮೇಲಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ರೂ ನಡೀತದೆ. ಸರಿ, ಈ ನೀರನ್ನ ಎಷ್ಟು ಕಿಲೋಮೀಟರಿಗೆ ಬದಲಾಯಿಸ್ತೀಯ?

ಮಗಳು: ಕಿಲೋಮೀಟರ್ ಲೆಕ್ಕ ಇಲ್ಲಿ ನಡೆಯಲ್ಲ. ಎರಡು ವರ್ಷಕ್ಕೊಮ್ಮೆ.

ಚಿಕ್ಕಪ್ಪ: ಅದೆಂಥದ್ದು? ಡಿಪೋದಲ್ಲಿ ಎಲ್ಲಾ ಕಿಲೋಮೀಟರಿನ ಮೇಲೇ. ಓಡದ ಗಾಡಿಗೆ ಏನು ಸವೆತ?

ಮಗಳು: ನಿಮ್ಮ ಬಸ್ಸು ದಿನಾ ಓಡೋದು. ಇದರ ನಂಬರ್ ಪ್ಲೇಟಿನ ಬಲತುದಿ ನೋಡಿ, ಒಂದರ ಮೇಲೊಂದು 04, 10 ಅಂತಿದೆ. ಏಪ್ರಿಲಿಂದ ಅಕ್ಟೋಬರ್‌ವರೆಗೆ ಮಾತ್ರ ಇದಕ್ಕೆ ರಸ್ತೆ. ಉಳಿದ ತಿಂಗಳು ಕಾನೂನಿನ ಪ್ರಕಾರ ಶೆಡ್ಡಿನಲ್ಲೇ. ಇಲ್ಲಿನ ಎಷ್ಟೋ ಹಳೇ ಕ್ಯಾಂಪರ್‌ಗಳು ಹೀಗೇ. ಮೀಟರ್ ನೋಡಿದ್ರೆ ಓಡಿದ್ದು ಕಡಿಮೆ, ಆದ್ರೆ ಒಳಗಿನ ನೀರಿಗೆ ವಯಸ್ಸಾಗಿರುತ್ತೆ.

ಚಿಕ್ಕಪ್ಪ: ನೀರಿಗೆಂಥ ವಯಸ್ಸು? ಫ್ರೀಜ್ ಆಗದೆ ಇದ್ರೆ ಆಯ್ತಲ್ಲ?

ಮಗಳು: ಎಲ್ಲರೂ ಎಡವೋದು ಅಲ್ಲೇ. ಕೂಲಂಟಿನಲ್ಲಿ ಎರಡು ಕೆಲಸದ ವಸ್ತುಗಳಿವೆ. ಒಂದು ಗ್ಲೈಕಾಲ್. ಅದು ಹೆಪ್ಪುಗಟ್ಟೋದನ್ನ ತಡೆಯುತ್ತೆ, ಕುದಿಯೋ ಮಟ್ಟವನ್ನೂ ಸ್ವಲ್ಪ ಏರಿಸುತ್ತೆ. ಅರ್ಧಕ್ಕರ್ಧ ಬೆರೆಸಿದ್ರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಭಯವಿಲ್ಲ. ಇನ್ನೊಂದು, ಲೋಹಕ್ಕೆ ತುಕ್ಕು ಹಿಡಿಯದ ಹಾಗೆ ಕಾಯೋ ಲವಣಗಳು. ಗ್ಲೈಕಾಲ್ ವರ್ಷಗಟ್ಟಲೆ ಹಾಗೇ ಉಳಿಯುತ್ತೆ. ಕಾಯೋ ಲವಣ ಮಾತ್ರ ಓಡಿದರೂ ನಿಂತರೂ ತೀರ್ತಾ ಹೋಗುತ್ತೆ. ಅಂಗಡಿಯಲ್ಲಿ ಸಿಗೋ ಅಳತೆಗೋಲು ಇದ್ಯಲ್ಲ, ಅದು ಹೇಳೋದು ಗ್ಲೈಕಾಲಿನ ಪ್ರಮಾಣ ಅಷ್ಟೆ. ಮೈನಸ್ 35 ಅಂತ ತೋರಿಸಿದ ನೀರೇ ಒಳಗೊಳಗೇ ಎಂಜಿನ್ ತಿಂತಾ ಇರಬಹುದು.

ಚಿಕ್ಕಪ್ಪ: ಹೂಂ. ಹಾಗಾದ್ರೆ ನೀರು ಬೆರೆಸದೆ ಬರೀ ಕೂಲಂಟೇ ತುಂಬಿಬಿಡು. ಡಬಲ್ ರಕ್ಷಣೆ.

ಮಗಳು: ಅದೂ ತಪ್ಪೇ. ನೀರು ಸೇರದ ಗ್ಲೈಕಾಲ್ ಮೈನಸ್ 13 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತೆ. ಇಲ್ಲಿ ಜನವರಿ ರಾತ್ರಿ ಅದಕ್ಕಿಂತ ಕೆಳಗೆ ಹೋಗೋದುಂಟು. ಮೇಲಾಗಿ ಕಾವು ಹೊರೋದರಲ್ಲಿ ನೀರಿಗೆ ಗ್ಲೈಕಾಲ್ ಸಮ ಅಲ್ಲ. ಅರ್ಧ ನೀರು ಇರಲೇಬೇಕು, ಅದೂ ಡಿಸ್ಟಿಲ್ಡ್ ವಾಟರ್.

ಚಿಕ್ಕಪ್ಪ: ಆ ಮಾತು ಒಪ್ಪಿದೆ. ನಮ್ಮಲ್ಲಿ ಬೋರ್‌ವೆಲ್ ನೀರು ಹಾಕಿ ಹಾಕಿ ರೇಡಿಯೇಟರ್ ಬಿಚ್ಚಿದ್ರೆ ಒಳಗೆಲ್ಲ ಸುಣ್ಣ ಕಟ್ಟಿರೋದು, ನೀರು ಹೋಗೋಕೇ ದಾರಿ ಇರ್ತಿರಲಿಲ್ಲ. ಬರೀ ನೀರಲ್ಲಿ ಓಡಿಸಿದ ಡೀಸೆಲ್ ಎಂಜಿನ್ನಿನ ಲೈನರ್ ತೆಗೆದು ನೋಡಿದ್ರೆ ಹೊರಮೈಯೆಲ್ಲ ಸಣ್ಣ ಸಣ್ಣ ಗುಳಿ. ಒಂದೊಂದು ಪೂರ್ತಿ ತೂತೇ ಬಿದ್ದಿರೋದು. ಇದರಲ್ಲೂ ವೆಟ್ ಲೈನರ್ರಾ?

ಮಗಳು: ಹೌದು. ಎರಕದ ಕಬ್ಬಿಣದ ಲೈನರ್, ಸುತ್ತ ನೀರು. ಆದ್ರೆ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ.

ಚಿಕ್ಕಪ್ಪ: ಕಬ್ಬಿಣ, ಅಲ್ಯೂಮಿನಿಯಂ ಎರಡೂ ಒಂದೇ ನೀರಲ್ಲಿ! ಬ್ಯಾಟರಿ ಮಾಡಿಟ್ಟ ಹಾಗಾಯ್ತು. ತುಕ್ಕು ಅಲ್ಯೂಮಿನಿಯಂನೇ ಮೊದಲು ತಿನ್ನುತ್ತೆ.

ಮಗಳು: ತಿನ್ನೋ ಜಾಗವೂ ಗೊತ್ತಿರೋದೇ. ಈ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಕೆಲಸ ಇಬ್ಬರಿಗೆ ಹಂಚಿದೆ. ಸಿಲಿಂಡರಿನ ಬೆಂಕಿ ತಡೆಯೋಕೆ ಲೋಹದ ಉಂಗುರ, ಹೊರಗಿನ ನೀರು ತಡೆಯೋಕೆ ಹೆಡ್ಡಿನ ಅಂಚಿನ ಸುತ್ತ ಅಗಲದ ರಬ್ಬರ್ ಪಟ್ಟಿ. ಕಾಯೋ ಲವಣ ತೀರಿದ ನೀರು ಆ ರಬ್ಬರಿನ ಅಡಿಯಲ್ಲಿ ಅಲ್ಯೂಮಿನಿಯಂ ಕೆರೆಯುತ್ತೆ. ಮೇಲ್ಮೈ ಹಳ್ಳದಿಣ್ಣೆ ಆಯ್ತು ಅಂದ್ರೆ ರಬ್ಬರ್ ಕೂತ್ಕೊಳ್ಳಲ್ಲ, ನೀರು ಜಿನುಗುತ್ತೆ. ಈ ಎಂಜಿನ್ನಿಗೆ ಕೆಟ್ಟ ಹೆಸರು ಬಂದಿದ್ದೇ ಇದರಿಂದ.

ಚಿಕ್ಕಪ್ಪ: ರಬ್ಬರ್ ಹೊಸದು ಹಾಕಿದ್ರೆ ಸರಿಹೋಗುತ್ತಾ?

ಮಗಳು: ಹೆಡ್ಡಿನ ಮೈ ಚೆನ್ನಾಗಿದ್ರೆ ಮಾತ್ರ. ಹಳ್ಳ ಆಳವಾಗಿದ್ರೆ ಬೆಸುಗೆ ಹಾಕಿ ಮಟ್ಟ ಮಾಡಿಸಬೇಕು, ಇಲ್ಲ ಹೊಸ ಹೆಡ್ಡೇ ತರಬೇಕು. ಒಂದು ಡಬ್ಬ ಕೂಲಂಟಿನ ದುಡ್ಡು ಉಳಿಸೋಕೆ ಹೋದವರು ಇಡೀ ಎಂಜಿನ್ ಇಳಿಸಿದ್ದಿದೆ.

ಚಿಕ್ಕಪ್ಪ: ಕೂಲಂಟಲ್ಲಿ ಹಸಿರು, ನೀಲಿ, ಕೆಂಪು, ನೇರಳೆ ಅಂತ ಅಂಗಡಿ ತುಂಬ ಇಟ್ಟಿದಾರಲ್ಲ. ಯಾವುದು?

ಮಗಳು: ಬಣ್ಣ ನಂಬಬೇಡಿ, ಡಬ್ಬದ ಮೇಲಿನ ಹೆಸರು ನೋಡಿ. ಇದಕ್ಕೆ ಫಾಸ್ಫೇಟ್ ಇಲ್ಲದ್ದೇ ಬೇಕು. ಗಡಸು ನೀರಿನ ಸುಣ್ಣದ ಜೊತೆ ಫಾಸ್ಫೇಟ್ ಸೇರಿದ್ರೆ ಗಸಿ ಕಟ್ಟುತ್ತೆ. ನಾನು ಹಾಕೋದು ಜಿ11 ಅನ್ನೋ ನೀಲಿ-ಹಸಿರು. ಆಮೇಲೆ ಕೆಂಪು ಜಿ12 ಬಂತು. ಆ ಮೊದಲ ಜಿ12 ಇದರ ಜೊತೆ ಬೆರೆತ್ರೆ ಕಂದು ಬಣ್ಣದ ಕೆಸರು. ಮುಂದಿನ ತಲೆಮಾರಿನವು ಹೊಂದಿಕೊಳ್ತವೆ ಅಂತಾರೆ. ಆದ್ರೂ ಹಿಂದಿನ ಮಾಲೀಕ ಏನು ಹಾಕಿದ್ದ ಅಂತ ಗೊತ್ತಿಲ್ಲದಿದ್ರೆ ಎಲ್ಲಾ ಚೆಲ್ಲಿ, ನೀರಲ್ಲಿ ತೊಳೆದು ಹೊಸದಾಗಿ ತುಂಬೋದೇ ವಾಸಿ. ಅಂದಹಾಗೆ, ಇಳಿಸಿದ್ದನ್ನ ಬಕೆಟ್ಟಲ್ಲಿ ಹಿಡೀಬೇಕು. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿ ಸತ್ತುಹೋಗ್ತವೆ. ಊರಿನ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬರ್ತೀನಿ.

ಚಿಕ್ಕಪ್ಪ: ಇಲ್ಲಿ ಎರಡು ಟ್ಯಾಂಕ್ ಯಾಕೆ? ಎಂಜಿನ್ ಪಕ್ಕ ಒಂದು, ನಂಬರ್ ಪ್ಲೇಟಿನ ಮುಚ್ಚಳದ ಹಿಂದೆ ಇನ್ನೊಂದು.

ಮಗಳು: ಎಂಜಿನ್ ಪಕ್ಕದ್ದು ಒತ್ತಡದ್ದು, ಅದು ಯಾವಾಗಲೂ ಕಂಠಮಟ್ಟ ತುಂಬಿರಬೇಕು. ನೀರು ಕಾದು ಹಿಗ್ಗಿದಾಗ ಅದರ ಮುಚ್ಚಳ ತೆರೆದು ಹೆಚ್ಚಿದ್ದನ್ನ ಪ್ಲೇಟ್ ಹಿಂದಿನ ಟ್ಯಾಂಕಿಗೆ ಕಳಿಸುತ್ತೆ. ತಣ್ಣಗಾದ್ಮೇಲೆ ಅದೇ ಮುಚ್ಚಳದ ಇನ್ನೊಂದು ಸಣ್ಣ ವಾಲ್ವ್ ವಾಪಸ್ ಎಳ್ಕೊಳ್ಳುತ್ತೆ. ಬೆಳಿಗ್ಗೆ ನೋಡಿದಾಗ ಪ್ಲೇಟ್ ಹಿಂದಿನ ಟ್ಯಾಂಕಿನಲ್ಲಿ ನೀರಿದ್ದೂ ಒತ್ತಡದ ಟ್ಯಾಂಕು ಕೊರೆಯಾಗಿದ್ರೆ ಒಂದೋ ಮುಚ್ಚಳ ಸತ್ತಿದೆ, ಇಲ್ಲ ಎಲ್ಲೋ ಗಾಳಿ ಎಳೀತಿದೆ.

ಚಿಕ್ಕಪ್ಪ: ಮುಚ್ಚಳ ಎಷ್ಟು ಒತ್ತಡ ಹಿಡಿಯುತ್ತೆ?

ಮಗಳು: ಹತ್ತಿರ ಹತ್ತಿರ 1 ಬಾರ್. ಅದರ ಬೆಲೆ ಗೊತ್ತಾಗೋದು ಬೆಟ್ಟದ ಮೇಲೆ. ಆಸ್ಟ್ರಿಯಾದಲ್ಲಿ ಗ್ರಾಸ್‌ಗ್ಲಾಕ್ನರ್ ರಸ್ತೆ ಅಂತಿದೆ, 1935ರಲ್ಲಿ ತೆರೆದದ್ದು. 2504 ಮೀಟರ್ ಎತ್ತರದಲ್ಲಿ ಕಣಿವೆ ದಾಟುತ್ತೆ. ಅಲ್ಲಿ ಬಾಯ್ತೆರೆದ ಪಾತ್ರೆಯ ನೀರು 92 ಡಿಗ್ರಿಗೇ ಕುದಿಯುತ್ತೆ. ಈ ಎಂಜಿನ್ ಸುಮ್ನೆ ಓಡೋದೇ ಆ ಕಾವಿನಲ್ಲಿ! 1 ಬಾರ್ ಒತ್ತಡ ಬಿದ್ರೆ ಅಲ್ಲೂ ಬರೀ ನೀರು ಕುದಿಯೋದು 115 ದಾಟಿದ ಮೇಲೆ. ಸ್ಪ್ರಿಂಗ್ ಸೋತ ಮುಚ್ಚಳ ಇಟ್ಟುಕೊಂಡು ಆ ಘಾಟಿ ಹತ್ತಿದ್ರೆ ದಾರಿಯಲ್ಲೇ ಹಬೆ.

ಚಿಕ್ಕಪ್ಪ: ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಝರಿ ಕಂಡಲ್ಲೆಲ್ಲ ಲಾರಿ ನಿಂತಿರ್ತಿದ್ವು, ಕ್ಲೀನರ್ ಡಬ್ಬ ಹಿಡಿದು ಓಡ್ತಿದ್ದ. ಅರ್ಧ ಲಾರಿಗಳಿಗೆ ಮುಚ್ಚಳದ ಬದಲು ಬಟ್ಟೆ ಉಂಡೆ. ಈಗ ಕಾರಣ ನೀನೇ ಹೇಳಿದೆ. ಇರಲಿ, ನಮ್ಮದೊಂದು ಮದ್ದು ಹೇಳ್ತೀನಿ ಕೇಳು. ಹೀಟ್ ಆಗೋ ಗಾಡಿಗೆ ಮೊದಲು ಥರ್ಮೋಸ್ಟ್ಯಾಟ್ ಕಿತ್ತು ಎಸೆಯೋದು. ನೀರಿಗೆ ಅಡ್ಡಿಯೇ ಇರಲ್ಲ.

ಮಗಳು: ಬೇಡ ಚಿಕ್ಕಪ್ಪ, ಇದಕ್ಕೆ ಆ ಮದ್ದು ಬೇಡ.

ಚಿಕ್ಕಪ್ಪ: ರಾಯಚೂರಿನ ಬೇಸಿಗೆಯಲ್ಲಿ 42 ಡಿಗ್ರಿ ಇರುತ್ತೆ ಕಣೇ. ಎಂಜಿನ್ ಬೆಚ್ಚಗಿಡೋಕೆ ಇನ್ನೊಂದು ಯಂತ್ರ ಬೇಕಾ?

ಮಗಳು: ಇದರ ಥರ್ಮೋಸ್ಟ್ಯಾಟ್ ತೆರೆಯೋಕೆ ಶುರುವಾಗೋದೇ 87 ಡಿಗ್ರಿಗೆ. 87ರ ಮುಂದೆ ನಿಮ್ಮ 42 ಕೂಡ ಚಳಿಯೇ. ಅದನ್ನ ತೆಗೆದುಹಾಕಿದ್ರೆ ಎಂಜಿನ್ ಅರೆಬಿಸಿಯಲ್ಲೇ ಓಡುತ್ತೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಉರಿಯದ ಪೆಟ್ರೋಲ್ ಆಯಿಲಿಗಿಳಿಯುತ್ತೆ, ಆಯಿಲ್ ತೆಳ್ಳಗಾಗಿ ಸವೆತ ಹೆಚ್ಚುತ್ತೆ. ಇನ್ನೊಂದು ವಿಷಯ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್ ರೇಡಿಯೇಟರಿನ ದಾರಿ ತೆರೆಯೋವಾಗಲೇ ಅಡ್ಡದಾರಿಯನ್ನ ಮುಚ್ಚುತ್ತೆ. ಅದನ್ನ ಕಿತ್ತರೆ ಅಡ್ಡದಾರಿ ತೆರೆದೇ ಇರುತ್ತೆ. ಬಿಸಿನೀರು ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ವಾಪಸ್. ತಣ್ಣಗಾಗಲಿ ಅಂತ ಮಾಡಿದ ಕೆಲಸಕ್ಕೇ ಕಾವು ಏರಬಹುದು.

ಚಿಕ್ಕಪ್ಪ: ಆ ಅಡ್ಡದಾರಿ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಆದ್ರೆ ನಮ್ಮವರು ಸುಮ್ಮನೆ ಕೀಳ್ತಿರಲಿಲ್ಲ ತಿಳ್ಕೋ. ಅದು ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡ್ರೆ ಹೆಡ್ಡು ಹೋಗೋದು ಗ್ಯಾರಂಟಿ. ಹಾದಿಯಲ್ಲಿ ಸ್ಪೇರ್ ಸಿಗಲ್ಲ, ಬಸ್ಸಲ್ಲಿ ಐವತ್ತು ಜನ. ಕಿತ್ತು ಹೊರಟ್ರೆ ಊರಾದ್ರೂ ಸೇರ್ತಿದ್ವಿ.

ಮಗಳು: ಊರು ಸೇರೋಕೆ ಸರಿ. ಸೇರಿದ ಮೇಲೆ ಹೊಸದು ಹಾಕ್ತಿದ್ರಾ?

ಚಿಕ್ಕಪ್ಪ: ಅದೇ ಇಲ್ಲ! ನಡೀತಾ ಇದೆಯಲ್ಲ ಅಂತ ಬಿಟ್ಟುಬಿಡೋದು. ನಿನ್ನದು ಕೆಲಸ ಮಾಡ್ತಿದೆಯಾ? ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಟ್ಟು ಮುಳುಗಿಸಿ ನೋಡು. 87ಕ್ಕೆ ಬಾಯಿ ಬಿಡಬೇಕು, ತಣಿದಾಗ ಮುಚ್ಕೋಬೇಕು. ನಿಂತ ಗಾಡಿಯಲ್ಲಿ ಇಂಥವೇ ಮೊದಲು ಅಂಟಿಕೊಳ್ಳೋದು.

ಮಗಳು: ಫ್ಯಾನೂ ಹಾಗೇ. ರೇಡಿಯೇಟರ್ ಫ್ಯಾನ್ ಕರೆಂಟಿನದು. ಹೆದ್ದಾರಿಯಲ್ಲಿ ಎದುರುಗಾಳಿ ಇರೋದ್ರಿಂದ ಅದಕ್ಕೆ ಕೆಲಸವೇ ಇಲ್ಲ. ತಿಂಗಳುಗಟ್ಟಲೆ ತಿರುಗದೆ ಬುಷ್ ಬಿಗಿದುಕೊಂಡಿರುತ್ತೆ. ಜುಲೈ ಬಿಸಿಲಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿದಾಗಲೇ ಗೊತ್ತಾಗೋದು. ಅದಕ್ಕೇ ಪ್ರತಿ ಏಪ್ರಿಲಿನಲ್ಲಿ ಸ್ವಿಚ್ಚಿನ ಕನೆಕ್ಟರ್ ತೆಗೆದು, ಎರಡು ಪಿನ್ನಿಗೆ ತಂತಿ ಸೇರಿಸಿ ಫ್ಯಾನ್ ತಿರುಗಿಸಿ ನೋಡ್ತೀನಿ.

ಚಿಕ್ಕಪ್ಪ: ಹೋಸು?

ಮಗಳು: ಎಂಜಿನ್ ತಣ್ಣಗಿದ್ದಾಗ ಒಂದೊಂದನ್ನೇ ಹಿಚುಕಿ ನೋಡಬೇಕು. ಮೆತ್ತಗಾಗಿದ್ರೆ ಆಯಿಲ್ ಕುಡಿದಿದೆ, ಕರಕರ ಅಂದ್ರೆ ಒಣಗಿದೆ. ಕ್ಲ್ಯಾಂಪಿನ ಆಚೆ ತುದಿ ಉಬ್ಬಿದ್ರೆ ಅದರ ದಿನ ಮುಗೀತು. ದೊಡ್ಡ ಹೋಸುಗಳು ಕಣ್ಣಿಗೆ ಬೀಳ್ತವೆ. ಎಂಜಿನ್ ಸಂದಿಯಲ್ಲಿರೋ ಸಣ್ಣವು, ಹಿಂದಿನ ಸೀಟಿನ ಕೆಳಗಿನ ಹೀಟರ್ ವಾಲ್ವು, ಎಂಜಿನ್ ಬಳಿಯ ಪ್ಲಾಸ್ಟಿಕ್ ಕೂಡುಕೊಳವೆಗಳು, ಇವನ್ನ ಯಾರೂ ನೋಡಲ್ಲ. ಪ್ಲಾಸ್ಟಿಕ್ಕಿಗೆ 35 ವರ್ಷ ದಾಟಿದೆ. ಬಿಗಿಯಾದ ಹೋಸನ್ನ ತಿರುಚಿ ಎಳೆಯೋ ಬದಲು ಬ್ಲೇಡಿನಲ್ಲಿ ಸೀಳಿ ತೆಗೀತೀನಿ. ಎಳೆದ್ರೆ ಕೊಳವೆಯ ಮೂತಿಯೇ ಮುರಿದು ಬರುತ್ತೆ.

ಚಿಕ್ಕಪ್ಪ: ವಾಟರ್ ಪಂಪ್ ಕೆಳಗೊಂದು ಸಣ್ಣ ತೂತು ಇರಬೇಕು, ನೋಡಿದೀಯಾ? ಅಲ್ಲಿ ಒಣಗಿದ ಬಿಳಿ, ಹಸಿರು ಗೆರೆ ಕಂಡ್ರೆ ಸೀಲ್ ಹೋಗ್ತಿದೆ ಅಂತ ಅರ್ಥ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿಡು, ಸೀಲ್ ಒಣಗಲ್ಲ.

ಮಗಳು: ಐದು ನಿಮಿಷದಲ್ಲಿ ಥರ್ಮೋಸ್ಟ್ಯಾಟೂ ತೆರೆಯಲ್ಲ, ಸೈಲೆನ್ಸರಿನ ತೇವವೂ ಆರಲ್ಲ. ಅರ್ಧ ಗಂಟೆ ರಸ್ತೆ ಮೇಲೆ ಓಡಿಸೋಕಾದ್ರೆ ಒಳ್ಳೇದು. ಪ್ಲೇಟಿಗೆ ಅನುಮತಿ ಇಲ್ಲ. ಹಾಗಾಗಿ ಬದಲಾಯಿಸೋ ವರ್ಷ ಅಕ್ಟೋಬರಿನಲ್ಲೇ ಹೊಸ ಕೂಲಂಟ್ ತುಂಬಿ, ಗಾಳಿ ತೆಗೆದು, ಕಂಠಮಟ್ಟ ಇಟ್ಟು ಮುಟ್ಟದೆ ಬಿಡ್ತೀನಿ. ಹಳೇ ನೀರಿನ ಜೊತೆ ನಿಲ್ಲೋ ಐದು ತಿಂಗಳೇ ಹೆಡ್ಡಿಗೆ ಅಪಾಯ. ವಸಂತದಲ್ಲಿ ಬದಲಾಯಿಸೋರು ಆ ಐದು ತಿಂಗಳು ಕಳೆದ ಮೇಲೆ ಎಚ್ಚರಗೊಳ್ತಾರೆ.

ಚಿಕ್ಕಪ್ಪ: ಹಾಂ, ಈಗ ನಿನ್ನ ವರ್ಷದ ಲೆಕ್ಕ ನನ್ನ ತಲೆಗೆ ಹೋಯ್ತು. ಬಸ್ಸು ಓಡಿ ಸವೆಯುತ್ತೆ, ಇದು ನಿಂತು ಸವೆಯುತ್ತೆ. ಇನ್ನೊಂದು ಕೇಳ್ತೀನಿ. ದಾರಿಯಲ್ಲಿ ಹೆಡ್ ಗ್ಯಾಸ್ಕೆಟ್ ಹೋಗ್ತಿದೆ ಅಂತ ಹೇಗೆ ಗೊತ್ತು? ಮೀಟರ್ ಸೂಜಿ ನೋಡ್ತೀಯಾ?

ಮಗಳು: ಸೂಜಿಯನ್ನ ಪೂರ್ತಿ ನಂಬೋ ಹಾಗಿಲ್ಲ. ಅದರ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ನಿಜ ಹೇಳುತ್ತೆ. ಹೋಸು ಒಡೆದು ನೀರೆಲ್ಲ ಸುರಿದುಹೋದ್ರೆ ಸೆನ್ಸರ್ ಗಾಳಿಯಲ್ಲಿ ನಿಂತಿರುತ್ತೆ. ಎಂಜಿನ್ ಸುಡ್ತಿದ್ರೂ ಸೂಜಿ ಕೆಳಗಿಳಿಯಬಹುದು. ಅದಕ್ಕೇ ಒತ್ತಡದ ಟ್ಯಾಂಕಿನಲ್ಲಿ ಎರಡು ಕಡ್ಡಿಯ ಇನ್ನೊಂದು ಸೆನ್ಸರ್ ಇದೆ. ನೀರು ಇಳಿದ ಕೂಡಲೇ ಮೀಟರಿನ ಕೆಂಪು ದೀಪ ಮಿಟುಕುತ್ತೆ. ಕಡ್ಡಿಗಳಿಗೆ ಕಿಲುಬು ಹಿಡಿದಾಗ ಸುಮ್ಮಸುಮ್ಮನೆ ಮಿಟುಕೋದೂ ಉಂಟು. ಕಿರಿಕಿರಿ ಅಂತ ಅದರ ವೈರ್ ಕತ್ತರಿಸಿರೋ ವ್ಯಾನುಗಳೂ ಇವೆ. ಕಡ್ಡಿ ಉಜ್ಜಿ ಹಾಕಿದ್ರೆ ಸಾಕು.

ಚಿಕ್ಕಪ್ಪ: ನಾವು ಮುಟ್ಟಿ ನೋಡ್ತಿದ್ವಿ. ಬೆಳಿಗ್ಗೆ ತಣ್ಣಗಿರೋ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸು ಕಲ್ಲಿನ ಹಾಗೆ ಬಿಗಿದುಕೊಂಡ್ರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರ್ತಿದೆ. ನೀರು ಇನ್ನೂ ಕಾದೇ ಇಲ್ಲ, ಒತ್ತಡ ಬೇರೆಲ್ಲಿಂದ ಬರಬೇಕು?

ಮಗಳು: ಇಲ್ಲಿ ಅದಕ್ಕೊಂದು ನೀಲಿ ದ್ರವದ ಪರೀಕ್ಷೆ ಇದೆ. ಟ್ಯಾಂಕಿನ ಬಾಯಿಂದ ಗಾಳಿ ಎಳೆದು ದ್ರವದ ಮೂಲಕ ಬಿಟ್ರೆ, ಇಂಗಾಲದ ಡೈಆಕ್ಸೈಡ್ ಇದ್ದಾಗ ಹಳದಿ ಆಗುತ್ತೆ. ಹೊರಗಿನ ಸೋರಿಕೆಗೆ ಕೈ ಪಂಪು. ತಣ್ಣಗಿದ್ದಾಗ 1 ಬಾರ್ ಏರಿಸಿ ಬಿಟ್ಟು, ಮುಳ್ಳು ಇಳಿಯುತ್ತಾ ನೋಡಿ, ಟಾರ್ಚ್ ಹಿಡಿದು ಹೆಡ್ಡಿನ ಅಂಚಿನುದ್ದಕ್ಕೂ ಹುಡುಕೋದು.

ಚಿಕ್ಕಪ್ಪ: ದಾರಿಯಲ್ಲಿ ಹೀಟ್ ಏರಿತು ಅಂತಿಟ್ಕೋ. ಏನು ಮಾಡ್ತೀಯ?

ಮಗಳು: ಕಿಟಕಿ ತೆರೆದು ಎರಡೂ ಹೀಟರ್ ಪೂರ್ತಿ ಹಾಕ್ತೀನಿ, ಬೇಸಿಗೆಯಾದ್ರೂ. ಅವೂ ಸಣ್ಣ ರೇಡಿಯೇಟರ್‌ಗಳೇ. ಸುರಕ್ಷಿತ ಜಾಗದಲ್ಲಿ ನಿಲ್ಲಿಸ್ತೀನಿ. ಕೆಂಪು ದೀಪ ಮಿಟುಕದೆ ಸೂಜಿ ಮಾತ್ರ ಏರಿದ್ರೆ ಒಂದು ನಿಮಿಷ ಹಾಗೇ ಚಾಲೂ ಬಿಡ್ತೀನಿ. ಪಂಪು ನಿಂತ ಕ್ಷಣ ಹೆಡ್ಡಿನ ಸುತ್ತ ನಿಂತ ನೀರು ಕುದಿಯೋಕೆ ಶುರು. ದೀಪ ಮಿಟುಕಿದ್ರೆ ನೀರೇ ಇಲ್ಲ ಅಂತ ತಿಳಿದು ತಕ್ಷಣ ಆಫ್. ಮುಚ್ಚಳ ಮುಟ್ಟಲ್ಲ. ಪೂರ್ತಿ ತಣಿಯೋವರೆಗೂ ತಣ್ಣೀರು ಸುರಿಯಲ್ಲ, ಸುರಿದ್ರೆ ಹೆಡ್ಡು ಸೊಟ್ಟಗಾಗುತ್ತೆ.

ಚಿಕ್ಕಪ್ಪ: ಇಷ್ಟೆಲ್ಲ ಗೊತ್ತಿದೆ, ಆದ್ರೂ ಒಂದು ಕೊರತೆ ಕಾಣ್ತಿದೆ. ಡಿಪೋದಲ್ಲಿ ನಮ್ಮ ಅತಿ ಒಳ್ಳೇ ಉಪಕರಣ ಡ್ರೈವರ್. ಇವತ್ತು ಸೂಜಿ ದಿನಾ ನಿಲ್ಲೋದಕ್ಕಿಂತ ಒಂದು ಕೂದಲು ಮೇಲಿದೆ ಅಂತ ಅವನು ಬಂದು ಹೇಳೋನು, ಬಿಚ್ಚಿದ್ರೆ ಬೆಲ್ಟ್ ಸಡಿಲ. ದಿನಾ ಓಡಿಸೋನಿಗೆ ವಾಡಿಕೆ ಗೊತ್ತಿರುತ್ತೆ. ನೀನು ಐದು ತಿಂಗಳ ಮೇಲೆ ಕೂರೋಳು. ಹೋದ ವರ್ಷ ಸೂಜಿ ಎಲ್ಲಿ ನಿಲ್ತಿತ್ತು ಹೇಳು ನೋಡೋಣ?

ಮಗಳು: ಕೆಂಪು ದೀಪದ ಹತ್ತಿರ... ಸ್ವಲ್ಪ ಕೆಳಗೋ, ಮೇಲೋ.

ಚಿಕ್ಕಪ್ಪ: ನೋಡಿದ್ಯಾ? ಒಂದು ಪುಸ್ತಕ ಇಡು. ಕೂಲಂಟಿನ ಬಗೆ, ಹಾಕಿದ ತಿಂಗಳು. ತಣ್ಣಗಿದ್ದಾಗ ಪ್ಲೇಟ್ ಹಿಂದಿನ ಟ್ಯಾಂಕಿನ ಮಟ್ಟ. ಸಮರಸ್ತೆಯಲ್ಲಿ ಸೂಜಿ ಎಲ್ಲಿ, ಏರಿನಲ್ಲಿ ಎಲ್ಲಿ, ಟ್ರಾಫಿಕ್ಕಲ್ಲಿ ಫ್ಯಾನ್ ಹಾಕಿಕೊಂಡಾಗ ಎಲ್ಲಿ. ಚಿತ್ರ ಬರೆದಿಡು, ಅಂಕಿ ಬೇಡ. ಎರಡು ಬೇಸಿಗೆ ಬರೆದ್ರೆ ನಿನಗೂ ವಾಡಿಕೆ ಸಿಗುತ್ತೆ.

ಮಗಳು: ಬರೀತೀನಿ. ಮೊದಲನೇ ಸಾಲು ಏನು ಹಾಕಲಿ?

ಚಿಕ್ಕಪ್ಪ: ಫ್ಯಾನ್ ತಿರುಗಿತೋ ಇಲ್ಲವೋ ಅಂತ. ತಂತಿ ಎಲ್ಲಿದೆ, ತಾ ಇಲ್ಲಿ. ನೀನು ಜಾಲರಿ ಬಿಚ್ಚು.